ಮೇಷ್ಟ್ರ ಮಣ್ಣಿನ ಹೃದಯ

ಕೆಲವರನ್ನು ನಾಯಿ ಹುಡುಕಿಕೊಂಡು ಬಂದು ಕಚ್ಚುತ್ತದೆ. ನನ್ನನ್ನು ಇಂಥ ಪ್ರಸಂಗಗಳು ಹಂಗೇ ಹುಡುಕಿಕೊಂಡು ಬರುತ್ತವೆ. ನಾನು ಶಾಲೆಯ ಮೆಟ್ಟಿಲು ಹತ್ತಿದ್ದು ಗುಡಿಸುವುದಕ್ಕೆ, ಕಲಿಯುವುದಕ್ಕಲ್ಲ. ನರಸೀಪುರದ ರಸ್ತೆಯ ಒಂದು ಹೈಸ್ಕೂಲಿನಲ್ಲಿ ಜವಾನನಾಗಿ ಗಂಟೆ ಹೊಡೆದವನು. ನಾನು ಹೊಡೆದ ಗಂಟೆ ನಂಜನಗೂಡಿನ ಹೊಳೆಯಲ್ಲಿ ಬಟ್ಟೆ ಒಗೆಯುವವರಿಗೆ ಕೇಳಿಸುತ್ತಿತ್ತು. ನಂಬದಿದ್ದವರು ಒಗೆಯುವವರನ್ನೇ ಕೇಳಿ. ಈಗಲೂ ನನಗೆ ಓದು ಬರೋಲ್ಲ. ನಾನು ಹೇಳ್ತೀನಿ, ಮೊಮ್ಮಗಳು ಬರೀತಾಳೆ.

೧. ಬೀಗ ಹಾಕಿದ ಕೋಣೆ

ತೊಂಬತ್ತರ ದಶಕ. ನಮ್ಮ ವಿಜ್ಞಾನದ ಮೇಷ್ಟ್ರು ನಂಜನಗೂಡಿನಿಂದ ದಿನಾ ಬಸ್ಸಲ್ಲಿ ಬರೋರು. ಒಬ್ಬರಿಗೆ ಪಾಠ ಕಣ್ಣಲ್ಲಿ ಹತ್ತುತ್ತದೆ, ಒಬ್ಬರಿಗೆ ಕಿವಿಯಲ್ಲಿ, ಒಬ್ಬರಿಗೆ ಕೈಯಲ್ಲಿ, ಮೇಷ್ಟ್ರಾದವನು ಮೂರು ಬಾಗಿಲೂ ತೆಗೆದಿಡಬೇಕು ಅನ್ನೋರು. ಅದಕ್ಕೇ ಒಂದು ಟೇಪ್ ರೆಕಾರ್ಡರ್ ತಂದು, ಕ್ಲಾಸಲ್ಲಿ ತಾವು ಮಾಡುವ ಪಾಠವನ್ನೆಲ್ಲ ಹಂಗಂಗೇ ಕ್ಯಾಸೆಟ್ಟಿಗೆ ತುಂಬಿಸುತ್ತಿದ್ದರು. ಸೋಸಲೆ ಕಡೆಯ ಒಬ್ಬ ಹುಡುಗಿಗೆ ಕಣ್ಣು ಕಾಣುತ್ತಿರಲಿಲ್ಲ. ಕರೆತರುವವರು ಇಲ್ಲದ ದಿನ ಅವಳು ಮನೆಯಲ್ಲೇ ಕ್ಯಾಸೆಟ್ ಕೇಳಿ ಕಲಿಯೋಳು.

ಒಂದು ರಜೆಯ ದಿನ, ಮಟಮಟ ಮಧ್ಯಾಹ್ನ, ಇಡೀ ಶಾಲೆಗೆ ನಾನೊಬ್ಬನೇ. ವಿಜ್ಞಾನದ ಕೋಣೆಯ ಬಾಗಿಲಿಗೆ ತಲೆ ಕೊಟ್ಟು ಮಲಗಿದ್ದೆ. ಬೀಗ ಹಾಕಿದ್ದು ನಾನೇ, ಕೀ ನನ್ನ ಸೊಂಟದಲ್ಲಿ. ಗಾಳಿ ಇಲ್ಲ, ಒಂದು ಕಾಗೆಯೂ ಇಲ್ಲ. ಒಳಗಿನಿಂದ ಮೇಷ್ಟ್ರ ದನಿ ಬಂತು: “ಯಾರೋ ಅಲ್ಲಿ ಮಲಗಿರೋದು? ಎದ್ದು ನಿಂತ್ಕೊ.”

ನಿಂತುಕೊಂಡೆ. ಮೇಷ್ಟ್ರು ಆ ದಿನ ನಂಜನಗೂಡಿನಲ್ಲಿದ್ದರು. ಹಿಂದಿನ ದಿನ ಪಾಠ ಕೇಳಿಸುವಾಗ ಕರೆಂಟು ಹೋಗಿ, ಒತ್ತಿದ ಗುಂಡಿ ಹಂಗೇ ಉಳಿದಿತ್ತು, ಕರೆಂಟು ಬಂದೇಟಿಗೆ ಕ್ಯಾಸೆಟ್ ಮಾತಾಡಿತು ಅಂತ ಆಮೇಲೆ ತಿಳೀತು. ಆದರೆ ಪೂರಾ ಪಾಠ ಮುಗಿಯೋ ತನಕ ನಾನು ಕೂರಲಿಲ್ಲ. ಕೂತ್ಕೋ ಅಂತ ಯಾರೂ ಹೇಳಲಿಲ್ಲವಲ್ಲ.

೨. ಡಬ್ ಡಬ್

ಹೃದಯದ ಪಾಠ ಬಂತು. ಕುರಿಯ ಹೃದಯ ತಂದು ಮಕ್ಕಳ ಕೈಗೆ ಕೊಡಿ ಅಂತ ಯಾರೋ ಅಂದರು. ಮೇಷ್ಟ್ರು ಲಿಂಗ ಕಟ್ಟಿದವರು, ಮಾಂಸ ಮುಟ್ಟರು. ಕುಂಬಾರನಿಗೆ ಹೇಳಿ ಮಣ್ಣಿನದೊಂದು ಮಾಡಿಸಿದರು. ಎರಡು ಹೋಳಾಗಿ ತೆರೆದರೆ ಒಳಗೆ ಕೋಣೆ, ಗೋಡೆ, ಎಲ್ಲಾ.

ಆ ಪಾಠ ಮಾಡಿದ ದಿನದ ಸಂಜೆ, ಮೇಷ್ಟ್ರು ಬಸ್ ಹತ್ತಿದ ಮೇಲೆ ಕೋಣೆ ಗುಡಿಸುವಾಗ ಅದು ನನ್ನ ಕೈ ಜಾರಿ ಬಿತ್ತು. ಸಿಕ್ಕ ಚೂರಿಗೆ ಗೋಂದು ಹಚ್ಚಿದೆ. ಪುಡಿಯಾದ ಮಣ್ಣು ಬೇಡದ್ದು ಅಂತ ಗುಡಿಸಿ ಎಸೆದೆ. ಒಣಗಲಿ ಅಂತ ಎರಡು ಕೈಯಲ್ಲೂ ಅಮುಕಿ ಹಿಡಿದು ಕೂತರೆ, ಅದು ಡಬ್ ಡಬ್ ಅನ್ನತೊಡಗಿತು. ಮಣ್ಣು, ಸ್ವಾಮೀ. ನೋಡನೋಡುತ್ತಾ ನಿಂತೂ ಹೋಯಿತು.

ಬೆಳಗಿನ ಬಸ್ಸು ಸುದ್ದಿ ತಂತು. ರಾತ್ರಿ ಮೇಷ್ಟ್ರು ಎದೆ ಹಿಡಿದುಕೊಂಡು ಹೋಗಿಬಿಟ್ಟರಂತೆ.

ಒಡೆದಿದ್ದು ಯಾರಿಗೂ ಹೇಳಲಿಲ್ಲ. ಡಬ್ ಡಬ್ ಅಂದಿದ್ದನ್ನು ಮಾತ್ರ ಹೆಡ್‌ಮೇಷ್ಟ್ರಿಗೆ ಹೇಳಿದೆ. ಅದು ನಿನ್ನದೇ ನಾಡಿ ಕಣಯ್ಯಾ, ಹೆದರಿದ್ದೀಯ ಅಂದರು. “ನಾನು ಹೆದರಿದ್ರೆ ಅಷ್ಟು ನಿಧಾನಕ್ಕೆ ಬಡಕೊಳ್ಳಕಿಲ್ಲ ಸಾ” ಅಂದೆ.

೩. ನಾನು ಮಾಡಿದ ಪಾಠ

ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರ ಬಂತು. ಆ ಹುಡುಗಿಯ ತಾಯಿ ಬಂದು ನನ್ನ ಮುಂದೆ ನಿಂತಳು. “ಕಡೇ ಪಾಠದ ಕ್ಯಾಸೆಟ್ ಬಂದಿಲ್ಲ ಕಣಣ್ಣಾ. ಪೇಲಾದ್ರೆ ಇಸ್ಕೂಲು ಬಿಡುಸ್ತೀನಿ ಅಂತ ಅವರಪ್ಪ ಕುಂತವ್ನೆ.”

ನಾಳೆ ಬಾ ಅಂದೆ. ನನ್ನ ಬಾಯಲ್ಲಿ ಎಲ್ಲರ ದನಿಯೂ ಇದೆ. ಎಮ್ಮೆ ದನಿ ತೆಗೆದರೆ ಕರು ಓಡಿ ಬಂದುಬಿಡೋದು. ರೆಕಾರ್ಡರಿನೊಳಗೆ ಒಂದು ಕ್ಯಾಸೆಟ್ ಇತ್ತು. ಮೇಲೆ ಏನೋ ಬರೆದಿತ್ತು, ಬರೆದಿದ್ದರೆ ನನಗೇನು. ಕೆಂಪು ಗುಂಡಿ ಒತ್ತಿ, ಮಣ್ಣಿನ ಹೃದಯ ತೆರೆದಿಟ್ಟುಕೊಂಡು, ಕೋಣೆ ಎಣಿಸಿ, ಮೇಷ್ಟ್ರ ದನಿಯಲ್ಲಿ ಪಾಠ ಮಾಡಿದೆ. ಕಿಟಕಿಯಾಚೆ ಹೋಗುತ್ತಿದ್ದ ಕನ್ನಡ ಪಂಡಿತರು ಸತ್ತವರ ದನಿ ಕೇಳಿ ಛತ್ರಿ ಬಿಟ್ಟು ಓಡಿದರು. ಮೂರು ದಿನ ರಜೆ ಹಾಕಿದರು. ಆ ಛತ್ರಿ ಈಗಲೂ ನನ್ನ ಹತ್ತಿರವೇ ಇದೆ.

ಹುಡುಗಿ ಪಾಸಾದಳು. ನಾನು ಪಾಸು ಮಾಡಿಸಿದೆ ಅಂತ ಎರಡು ತಾಲ್ಲೂಕಿನಲ್ಲೂ ಹೇಳಿಕೊಂಡು ತಿರುಗಿದೆ.

೪. ಕೋಣೆ ಎಷ್ಟು?

ಎಷ್ಟೋ ವರ್ಷ ಕಳೆದು, ನನಗೆ ರಿಟೈರಾದ ಮೇಲೆ, ಅವಳೇ ನರಸೀಪುರದ ಒಂದು ಶಾಲೆಯಲ್ಲಿ ಮೇಡಂ ಆಗಿದ್ದಳು. ಹಳೇ ಕ್ಯಾಸೆಟ್ಟುಗಳನ್ನು ನನ್ನ ಕ್ಲಾಸಿನ ಮಕ್ಕಳಿಗಾಗಿ ಕಂಪ್ಯೂಟರಿಗೆ ಹಾಕುತ್ತಿದ್ದೀನಿ, ಬನ್ನಿ ಅಂತ ಹೇಳಿಕಳಿಸಿದಳು. ಹೋದೆ. ಕೋಣೆಗೆ ದೀಪ ಹಾಕಿರಲಿಲ್ಲ. ಅವಳಿಗೆ ಅದು ಬೇಕೂ ಇಲ್ಲ. ಅವಳು ಗುಂಡಿ ಒತ್ತಿದಂತೆಲ್ಲ ಆ ಯಂತ್ರ ತುಟಿಯಿಲ್ಲದೆ ಏನೇನೋ ಉಸುರುತ್ತಿತ್ತು, ಪರದೆ ಮೇಲಿನ ಅಕ್ಷರ ಅವಳಿಗೆ ಓದಿ ಹೇಳುತ್ತದಂತೆ.

ನನ್ನ ಪಾಠ ಬಂತು. “ಹೃದಯಕ್ಕೆ ಮೂರು ಕೋಣೆ. ಬಾಯಿಪಾಠ ಮಾಡ್ಕೊ.” ಏನು ಗತ್ತು! ಆಮೇಲೆ ಟಕ್ ಅಂತ ಸದ್ದು. ಒಂದು ಕೆಮ್ಮು. ನನ್ನದಲ್ಲದ ಕೆಮ್ಮು.

“ಮೂರಲ್ಲ, ನಾಲ್ಕು. ಯಾರೋ ಅದು ಮೂರು ಅಂದೋನು?”

ಕುರ್ಚಿ ಗಟ್ಟಿಯಾಗಿ ಹಿಡಿದುಕೊಂಡೆ.

“ಮೇಷ್ಟ್ರು ಪಾಠ ಆಗಲೇ ತುಂಬಿಸಿಟ್ಟಿದ್ರು ತಾತ. ಅದರ ಮೇಲೇ ನೀವು ಮಾತಾಡಿದ್ರಿ. ಅಳಿಸದೆ ಉಳಿದ ಬಾಲ ಇದು. ನಿಮ್ಮನ್ನೇ ನಂಬಿದ್ರೆ ಪರೀಕ್ಷೇಲಿ ಮೂರು ಅಂತ ಬರೆಸ್ತಿದ್ದೆ.”

“ನಾನು ಅಂತ ಯಾವಾಗ ಗೊತ್ತಾಯ್ತವ್ವಾ?”

“ಅವತ್ತೇ. ಪಾಠದ ಮಧ್ಯೆ ಜಗಿಯೋ ಸದ್ದು ಬಂತು. ಮೇಷ್ಟ್ರು ಎಲೆಅಡಿಕೆ ಹಾಕ್ತಿದ್ರಾ?”

ಮಣ್ಣಿನ ಹೃದಯ ಒಡೆದದ್ದು, ಪುಡಿಯಾದ ಒಂದು ಗೋಡೆಯನ್ನು ನಾನು ಗುಡಿಸಿ ಎಸೆದದ್ದು, ಆ ದಿನ ಮೊದಲ ಸಲ ಬಾಯಿಬಿಟ್ಟೆ. ಅಷ್ಟರಲ್ಲಿ ಯಂತ್ರದೊಳಗಿಂದ ಮೇಷ್ಟ್ರು ಮತ್ತೆ ಅಂದರು: “ಟೈಮಾಯ್ತು. ಎಲ್ಲಿ ಹೋದ ನಮ್ಮ ಜವಾನ? ಗಂಟೆ ಹೊಡೀಲಿ.”

“ಬಂದೆ ಸಾ” ಅಂತ ಎದ್ದು ಓಡಿದೆ. ಬಾಗಿಲು ದಾಟುವುದರೊಳಗೆ ಆಚೆ ಗಂಟೆ ಹೊಡೆಯಿತು. ತಾನೇ ಹೊಡೆದಿದ್ದು ಅಂತಾನೆ ಆ ಶಾಲೆಯ ಜವಾನ. ನನಗೇನೋ ನಂಬಿಕೆಯಿಲ್ಲ. ನಾನು ತಡ ಮಾಡಿದಾಗಲೆಲ್ಲ ಮೇಷ್ಟ್ರೇ ಎದ್ದು ಹೋಗಿ ಹೊಡೆಯೋರು.