ಓಡದ ಕಾರಿಗೆ ಮೂವತ್ತು ದಿನದ ಗಡುವು

ಹೆದರುವವರ ಮೇಲೆ ಹಾವು ಎಸೆದರಂತೆ. ಅಮೆರಿಕದ ಈ ಆಶ್‌ಬರ್ನ್‌ನಲ್ಲಿ ಧೈರ್ಯವಂತರು ಇಷ್ಟೊಂದು ಜನ ಇದ್ದರೂ ಹಾವುಗಳೆಲ್ಲ ಹುಡುಕಿಕೊಂಡು ಬಂದು ನನ್ನ ಮೇಲೆಯೇ ಯಾಕೆ ಬೀಳುತ್ತವೋ ಗೊತ್ತಿಲ್ಲ. ನಾನು ಕೆಲಸ ಮಾಡುವುದು ಡೇಟಾ ಸೆಂಟರಿನಲ್ಲಿ. ಯಾವ ಯಂತ್ರ ಯಾವಾಗ ಕೈ ಕೊಡುತ್ತದೋ ಎಂದು ಗಾಬರಿಯಿಂದ ಕಾಯುವುದಕ್ಕೇ ನನಗೆ ಸಂಬಳ. ಮನೆಯಿಂದ ಹೊರಟರೆ ಸ್ಟವ್ ಆರಿಸಿದ್ದೇನಾ ಎಂದು ಮೂರು ಸಲ ವಾಪಸ್ ಬಂದು ನೋಡುತ್ತೇನೆ. ಇಂಥವನು ನಲವತ್ತೇಳನೇ ವಯಸ್ಸಿನಲ್ಲಿ, ಸ್ಪ್ಯಾನರ್ ಹಿಡಿದು ಅಭ್ಯಾಸವೇ ಇಲ್ಲದ ಕೈಯಲ್ಲಿ, ಅರವತ್ತರ ದಶಕದ ಮಸಲ್ ಕಾರೊಂದನ್ನು ತಂದು ರಿಪೇರಿ ಮಾಡಲು ಹೊರಟೆ. ಇರಲಾರದೆ ಇರುವೆ ಬಿಟ್ಟುಕೊಂಡೆ.

ಯಾಕೆ ಅಂತ ಕೇಳಿದರೆ ನಿಜ ಹೇಳುತ್ತೇನೆ. ಇಪ್ಪತ್ತು ವರ್ಷ ದುಡಿದರೂ, ಇದು ನಾನು ಮಾಡಿದ್ದು ಎಂದು ಮುಟ್ಟಿ ತೋರಿಸುವಂಥ ಒಂದು ವಸ್ತು ನನ್ನ ಹತ್ತಿರ ಇರಲಿಲ್ಲ. ಒಂದಾದರೂ ಇರಲಿ ಎನ್ನುವ ಆಸೆ.

೧. ಮೈಲೇಜು

ದೂರದ ಅಲ್ಫರೆಟಾ ಊರಿನಲ್ಲಿ ಹೆಂಡತಿಯ ತಮ್ಮನ ಗೃಹಪ್ರವೇಶ ಮುಗಿಸಿ ವಾಪಸ್ ಬರುವಾಗ, ದಕ್ಷಿಣ ಕ್ಯಾರೊಲಿನಾದ ಒಂದು ಹೊಲದ ಪಕ್ಕ ಈ ಕಾರು 'ಮಾರಾಟಕ್ಕಿದೆ' ಎಂಬ ಬೋರ್ಡು ಹೊತ್ತು ನಿಂತಿತ್ತು. ಎರಡೇ ಬಾಗಿಲು, ಉದ್ದನೆಯ ಮೂತಿ, ಎಂಟು ಸಿಲಿಂಡರಿನ ಎಂಜಿನ್, ಮೈತುಂಬ ತುಕ್ಕು. ಮಾಲೀಕ ಬಿಳಿಗಡ್ಡದ ಅಜ್ಜ. ಅದು ಎಂಥ ವೇಗದಲ್ಲಿ ಓಡುತ್ತಿತ್ತು, ಊರಿನಲ್ಲಿ ಯಾರ್ಯಾರನ್ನು ಸೋಲಿಸಿತ್ತು ಎಂದು ಅರ್ಧ ಗಂಟೆ ಕಥೆ ಹೇಳಿದ. ಕೊನೆಗೆ, "ಏನಾದರೂ ಕೇಳುವುದಿದೆಯಾ?" ಎಂದ.

ನಮ್ಮ ಜನಕ್ಕೆ ಗಾಡಿ ಅಂದರೆ ಬಾಯಿಗೆ ಬರುವುದು ಒಂದೇ ಪ್ರಶ್ನೆ. "ಮೈಲೇಜು ಎಷ್ಟು ಕೊಡುತ್ತೆ?" ಎಂದು ಕೇಳಿಬಿಟ್ಟೆ.

ಅಜ್ಜನಿಗೆ ಇಂಥ ಪ್ರಶ್ನೆಯನ್ನು ಜೀವಮಾನದಲ್ಲಿ ಯಾರೂ ಕೇಳಿರಲಿಲ್ಲವಂತೆ. ಟೋಪಿ ತೆಗೆದು ತಲೆ ಕೆರೆದುಕೊಂಡು, ಬಹಳ ಪ್ರಾಮಾಣಿಕವಾಗಿ ಲೆಕ್ಕ ಹಾಕಿ ಹೇಳಿದ: "ಒಂದು ಪೆಟ್ರೋಲ್ ಬಂಕಿನಿಂದ ಇನ್ನೊಂದು ಪೆಟ್ರೋಲ್ ಬಂಕಿನ ತನಕ ಹೋಗುತ್ತೆ. ಅವೆರಡೂ ಹತ್ತಿರ ಇದ್ದರೆ."

೨. ನೋಟಿಸು

ಕಾರು ಟ್ರೈಲರ್ ಮೇಲೆ ಮಲಗಿಕೊಂಡು ನಮ್ಮ ಟೌನ್‌ಹೌಸಿಗೆ ಬಂತು. ಗರಾಜಿನಲ್ಲಿ ಇಡೋಣವೆಂದರೆ ಅಲ್ಲಿ ಅಕ್ಕಿ ಮೂಟೆ, ಎರಡನೇ ಫ್ರಿಜ್ಜು, ಒಂಬತ್ತು ಮೆಟ್ಟಿಲ ದಸರಾ ಗೊಂಬೆಗಳ ಪೆಟ್ಟಿಗೆಗಳು. "ನಿಮ್ಮ ತಗಡಿಗೋಸ್ಕರ ನನ್ನ ಪಟ್ಟದ ಗೊಂಬೆ ಬೀದಿಗೆ ಬರಬೇಕೇನ್ರೀ?" ಎಂದಳು ಹೆಂಡತಿ. ಹೀಗಾಗಿ ಕಾರು ಮನೆ ಮುಂದಿನ ಡ್ರೈವ್‌ವೇನಲ್ಲೇ ನಿಂತಿತು.

ಇಲ್ಲಿನ ಬಡಾವಣೆಗಳಲ್ಲಿ ಎಚ್‌ಒಎ ಅಂತ ಒಂದು ಇರುತ್ತದೆ. ಮನೆಮಾಲೀಕರ ಸಂಘ. ನಿಮ್ಮ ಹುಲ್ಲು ಎಷ್ಟು ಎತ್ತರ, ಬಾಗಿಲಿಗೆ ಯಾವ ಬಣ್ಣ, ಎಲ್ಲ ಅವರೇ ನೋಡುವುದು. ಯಮನ ಕಣ್ಣು ತಪ್ಪಿಸಬಹುದು, ಇವರ ಕಣ್ಣು ತಪ್ಪಿಸಲಾಗದು. ಎರಡೇ ವಾರಕ್ಕೆ ಪತ್ರ ಬಂತು. ಓಡದ ವಾಹನವನ್ನು ಡ್ರೈವ್‌ವೇನಲ್ಲಿ ಇಡುವಂತಿಲ್ಲ, ಮೂವತ್ತು ದಿನದಲ್ಲಿ ತಪಾಸಣೆಗೆ ಬರುತ್ತೇವೆ, ಅಷ್ಟರಲ್ಲಿ ಅದು ತಾನಾಗಿ ಚಲಿಸದಿದ್ದರೆ ಎಳೆಸಿಕೊಂಡು ಹೋಗುತ್ತೇವೆ.

ಆಗ ಎಂಜಿನ್ ಅರ್ಧ ಕಾರಿನಲ್ಲಿತ್ತು, ಅರ್ಧ ಅಡುಗೆಮನೆಯಲ್ಲಿತ್ತು.

ಪತ್ರದಲ್ಲಿ ಎರಡನೇ ಆರೋಪವೂ ಇತ್ತು, ಫೋಟೊ ಸಮೇತ. ನಾನು ಕಾರಿನ ಕೆಳಗೆ ನುಗ್ಗುವ ಮುಂಚೆ ಅಭ್ಯಾಸಬಲದಿಂದ ಹವಾಯಿ ಚಪ್ಪಲಿ ಕಳಚಿ, ದೇವಸ್ಥಾನದ ಹೊರಗೆ ಬಿಟ್ಟಂತೆ ಜೋಡಿಸಿ ಬಿಟ್ಟಿದ್ದೆ. ಫೋಟೊದಲ್ಲಿ ಚಪ್ಪಲಿ ಇದೆ, ಪಕ್ಕದಲ್ಲೇ ಕಾರಿನಡಿಯಿಂದ ಹೊರಚಾಚಿದ ನನ್ನ ಎರಡು ಬರಿಗಾಲೂ ಇವೆ. ಕೆಳಗೆ ಬರೆದಿದ್ದರು: "ಚಪ್ಪಲಿ ತಕ್ಷಣ ತೆಗೆಯತಕ್ಕದ್ದು." ಕಾಲುಗಳ ಬಗ್ಗೆ ಅವರದೇನೂ ಆಕ್ಷೇಪಣೆ ಇರಲಿಲ್ಲ.

೩. ಹುಣಸೆಹಣ್ಣು

ಬಿಚ್ಚಿಟ್ಟ ಬೋಲ್ಟುಗಳ ತುಕ್ಕು ಯಾವ ಎಣ್ಣೆಗೂ ಬಗ್ಗಲಿಲ್ಲ. ಮೈಸೂರಿನಿಂದ ವಿಡಿಯೊ ಕಾಲ್‌ನಲ್ಲಿ ನೋಡುತ್ತಿದ್ದ ಅತ್ತೆಯವರು, "ಅಳಿಯಂದ್ರೇ, ಅದಕ್ಯಾಕೆ ಅಷ್ಟು ಒದ್ದಾಡ್ತೀರಿ? ಹುಣಸೆಹಣ್ಣಿನಲ್ಲಿ ನೆನೆಹಾಕಿ, ಚೂರು ಉಪ್ಪು ಹಾಕಿ ಉಜ್ಜಿ. ನಮ್ಮ ಹಿತ್ತಾಳೆ ಕೊಳದಪ್ಪಲೆ ಹೇಗೆ ಹೊಳೆಯುತ್ತೆ ನೋಡಿಲ್ವಾ?" ಎಂದರು.

ಮುಳುಗುವವನಿಗೆ ಹುಲ್ಲುಕಡ್ಡಿಯೇ ಆಸರೆ. ನೆನೆಹಾಕಿದೆ. ಎರಡು ದಿನಕ್ಕೆ ತುಕ್ಕು ಬಿಟ್ಟು ಬೋಲ್ಟುಗಳು ಫಳಫಳ ಎಂದವು. ಖುಷಿ ತಡೆಯಲಾರದೆ ನಮ್ಮ ಕಡೆಯ ಹಳೆ ಕಾರುಗಳ ಆನ್‌ಲೈನ್ ಗುಂಪಿನಲ್ಲಿ ಫೋಟೊ ಹಾಕಿ, ವಿಧಾನವನ್ನೂ ಬರೆದೆ. ಅಲ್ಲಿನವರೆಲ್ಲ ನಲವತ್ತು ವರ್ಷ ಗ್ರೀಸಿನಲ್ಲಿ ಕೈ ಅದ್ದಿದ ಘಟಾನುಘಟಿಗಳು. "ಈ ಟ್ಯಾಮರಿಂಡ್ ಯಾವ ಆಟೊ ಪಾರ್ಟ್ಸ್ ಅಂಗಡಿಯಲ್ಲಿ ಸಿಗುತ್ತೆ?" ಎಂದು ಒಬ್ಬರ ಮೇಲೊಬ್ಬರು ಕೇಳಿದರು. ಹತ್ತಿರದ ಸೆಂಟರ್‌ವಿಲ್ ಕಡೆಯ ದೇಸಿ ಅಂಗಡಿಗಳಲ್ಲಿ ಹುಡುಕಿ ಎಂದೆ.

ಮುಂದಿನ ವಾರ ಸಾರಿಗೆಂದು ಹುಣಸೆಹಣ್ಣು ತರಲು ಅಲ್ಲಿಗೇ ಹೋದರೆ ಶೆಲ್ಫು ಖಾಲಿ. ಅಂಗಡಿಯವರು ತುಮಕೂರಿನವರು. ಸಂತೋಷದಿಂದ ಹೇಳಿದರು: "ಸ್ಟಾಕ್ ಇಲ್ಲ ಸಾರ್. ಕೈತುಂಬ ಹಚ್ಚೆ ಹಾಕ್ಕೊಂಡಿರೋ ದಾಂಡಿಗರು ನಾಲ್ಕು ಜನ ಬಂದು ಇದ್ದಿದ್ದೆಲ್ಲ ತಗೊಂಡ್ ಹೋದ್ರು. ನಮ್ ಪುಳಿಯೋಗರೆ ರುಚಿ ಹತ್ತಿಬಿಟ್ಟಿದೆ ಸಾರ್, ಅಮೆರಿಕದೋರ್ಗೆ!"

೪. ಉಳಿದ ಬೋಲ್ಟುಗಳು

ಇನ್ನು ಹದಿನಾಲ್ಕು ದಿನ ಇರುವಾಗ ಎಂಜಿನ್ ಜೋಡಿಸಿ ಮುಗಿಸಿದೆ. ಬಿಚ್ಚಿದ ಬೋಲ್ಟುಗಳನ್ನೆಲ್ಲ ಖಾಲಿ ಮೊಸರಿನ ಡಬ್ಬಗಳಲ್ಲಿ ಹಾಕಿಟ್ಟಿದ್ದೆ. ಮೊಸರು ಮುಗಿದ ಮೇಲೆ ಡಬ್ಬ ಎಸೆಯುವ ಕನ್ನಡದ ಮನೆ ಅಮೆರಿಕದಲ್ಲಿ ಇನ್ನೂ ಹುಟ್ಟಿಲ್ಲ. ಎಲ್ಲ ಜೋಡಿಸಿದ ಮೇಲೆ ಕೊನೆಯ ಡಬ್ಬದಲ್ಲಿ ಆರು ಬೋಲ್ಟು ಉಳಿದವು.

ಆರು ಬೋಲ್ಟು ಇಲ್ಲದ ಎಂಜಿನ್ ರಸ್ತೆ ಮಧ್ಯೆ ಕಳಚಿ ಬೀಳುವುದು ಕಣ್ಣಿಗೆ ಕಟ್ಟಿತು. ಹದಿನಾರು ವರ್ಷದ ಮಗಳು ಬಂದು ನೋಡಿ, "ಅಪ್ಪ, ಇಟ್ಸ್ ಫೈನ್. ಎಕ್ಸ್‌ಟ್ರಾ ಕೊಟ್ಟಿರ್ತಾರೆ, ಲೈಕ್ ಫರ್ನಿಚರ್," ಎಂದು ಸಮಾಧಾನ ಹೇಳಿದಳು. ಐವತ್ತರವತ್ತು ವರ್ಷದ ಹಿಂದೆ ಯಾರು ಎಕ್ಸ್‌ಟ್ರಾ ಕೊಟ್ಟಿದ್ದರೋ.

ಅಷ್ಟರಲ್ಲಿ ಹೆಂಡತಿ ಬಂದು ಡಬ್ಬ ನೋಡಿದಳು. "ಅಯ್ಯೋ, ಇವು ನನ್ನ ಗ್ರೈಂಡರ್‌ದಲ್ವೇನ್ರೀ! ಹೋದ ತಿಂಗಳು ರಿಪೇರಿ ಮಾಡ್ತೀನಿ ಅಂತ ಬಿಚ್ಚಿದ್ರಲ್ಲ. ಅದಕ್ಕೇ ಅದು ಹಿಟ್ಟು ರುಬ್ಬೋವಾಗ ಕೌಂಟರ್ ತುಂಬ ಕುಣೀತಿದೆ."

ಹೋದ ಜೀವ ಬಂದಂತಾಯಿತು. ಹಾಗಾದರೆ ಕಾರಿನದು ಎಲ್ಲವೂ ಕಾರಿನಲ್ಲೇ ಇದೆ! ಆದರೆ ಹೆಂಡತಿ ಇನ್ನೂ ಎಣಿಸುತ್ತಲೇ ಇದ್ದಳು. "ಗ್ರೈಂಡರ್‌ಗೆ ಇರೋದು ಎಂಟು. ಇಲ್ಲಿರೋದು ಆರು," ಎಂದಳು. ಇಬ್ಬರೂ ನಿಧಾನವಾಗಿ ಕಿಟಕಿಯಾಚೆ ಕಾರಿನ ಕಡೆ ನೋಡಿದೆವು.

೫. ಸ್ಟೆತಾಸ್ಕೋಪು

ನಮ್ಮ ಬೀದಿಯಲ್ಲಿ ಒಬ್ಬರು ಡಾಕ್ಟರ್ ಅಂಕಲ್ ಇದ್ದಾರೆ. ಈ ದೇಶಕ್ಕೆ ಬಂದು ಐವತ್ತು ವರ್ಷವಾದ, ರಿಟೈರಾದ ಹೃದ್ರೋಗ ತಜ್ಞರು. ಕಾರು ಮೊದಲ ಸಲ ಸ್ಟಾರ್ಟ್ ಆದ ದಿನ ಆ ಗುಡುಗಿಗೆ ಬೀದಿಯ ನಾಯಿಗಳೆಲ್ಲ ಬೊಗಳಿದವು, ಅಂಕಲ್ ಓಡಿ ಬಂದರು. ನಾನು ಖುಷಿಗೆ ಅತ್ತೇಬಿಟ್ಟೆ. ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಗುಡುಗಿನ ಮಧ್ಯೆ ಏನೋ ಟಕಟಕ ಎನ್ನತೊಡಗಿತು.

"ಎಂಜಿನ್ ಅಂದ್ರೆ ಹಾರ್ಟೇ ಕಣಯ್ಯ," ಎಂದು ಅಂಕಲ್ ಮನೆಗೆ ಹೋಗಿ ಸ್ಟೆತಾಸ್ಕೋಪು ತಂದರು. ಬಾನೆಟ್ಟಿನೊಳಗೆ ಬಗ್ಗಿ, ಇಲ್ಲೊಂದು ಕಡೆ ಅಲ್ಲೊಂದು ಕಡೆ ಇಟ್ಟು, ಕಣ್ಣು ಮುಚ್ಚಿ ಬಹಳ ಹೊತ್ತು ಕೇಳಿದರು. ನಾನು ಕೈಕಟ್ಟಿ ನಿಂತಿದ್ದೆ, ಆಪರೇಷನ್ ಥಿಯೇಟರಿನ ಹೊರಗೆ ನಿಂತ ಸಂಬಂಧಿಕನ ಹಾಗೆ. ಕೊನೆಗೆ ಎದ್ದು ನನ್ನ ಮುಖ ನೋಡಿದವರು, ಸ್ಟೆತಾಸ್ಕೋಪನ್ನು ಸೀದಾ ನನ್ನ ಎದೆಗೆ ಇಟ್ಟರು.

"ಕಾರ್ ಪರವಾಗಿಲ್ಲ," ಎಂದರು. "ನಿಂದು ನೂರ ಮೂವತ್ತು ಓಡ್ತಿದೆ. ಮೊದ್ಲು ಹೋಗಿ ಮಲಕ್ಕೋ."

ಮಲಗುವುದೆಲ್ಲಿ ಬಂತು? ಅದೇ ದಿನ ಎಚ್‌ಒಎಯಿಂದ ಮತ್ತೊಂದು ಇಮೇಲ್: ಬಡಾವಣೆಯಲ್ಲಿ ವಾಹನದ ವಿಪರೀತ ಶಬ್ದ ನಿಷಿದ್ಧ, ತಪಾಸಣೆಯಲ್ಲಿ ಅದನ್ನೂ ಪರಿಶೀಲಿಸಲಾಗುವುದು. ಓಡದಿದ್ದರೆ ಎಳೆದುಕೊಂಡು ಹೋಗುತ್ತಾರೆ, ಓಡಿದರೆ ದಂಡ ಹಾಕುತ್ತಾರೆ. ಎತ್ತ ಹೋದರೂ ನನಗೆ ಉಳಿಗಾಲವಿಲ್ಲ.

೬. ತಪಾಸಣೆ

ಮೂವತ್ತನೇ ದಿನ ಶನಿವಾರ. ಹನ್ನೊಂದು ಗಂಟೆಗೆ ಎಚ್‌ಒಎಯಿಂದ ತಪಾಸಣೆ ಮಾಡುವ ಮೇಡಂ ಬರುವವರಿದ್ದರು. ಪೂಜೆ ಆಗದ ಗಾಡಿ ಗಾಲಿ ಉರುಳಿಸಬಾರದೆಂದು ಹೆಂಡತಿ ಹತ್ತು ಗಂಟೆಗೇ ವಾಹನ ಪೂಜೆ ಇಟ್ಟುಕೊಂಡಳು. ನಮ್ಮ ಕನ್ನಡ ಕೂಟದ ಆರು ಜನ ಗೆಳೆಯರು ಪಂಚೆ ಶಲ್ಯದಲ್ಲಿ ಬಂದರು. ಡಾಕ್ಟರ್ ಅಂಕಲ್ಲೇ ಮಂತ್ರ ಹೇಳಿದರು. ಮಂಗಳಾರತಿ ಆಯಿತು, ಬಾನೆಟ್ಟಿಗೆ ಹಾರ ಹಾಕಿದ್ದಾಯಿತು. ನಾನು ಕೀಲಿ ತಿರುಗಿಸಿದೆ.

ಟಿಕ್ ಎಂದಿತು. ಮತ್ತೆ ತಿರುಗಿಸಿದೆ. ಟಿಕ್. ಬ್ಯಾಟರಿ ಹೊಸದು, ಸತ್ತಿದ್ದು ಸ್ಟಾರ್ಟರ್ ಮೋಟರು. ಗಂಟೆ ಹತ್ತೂ ಮುಕ್ಕಾಲು. ಮೂವತ್ತು ದಿನ ಬೆರಳು ಸುಲಿದುಕೊಂಡು ಮಾಡಿದ್ದು ಹದಿನೈದು ನಿಮಿಷದಲ್ಲಿ ಗುಜರಿಗೆ ಹೊರಡುತ್ತದೆ ಎಂದು ದುಃಖ ಒತ್ತರಿಸಿ ಬಂತು.

"ತಳ್ಳಿದ್ರೆ ಸ್ಟಾರ್ಟ್ ಆಗದೇ ಇರೋ ಗಾಡಿ ಈ ಪ್ರಪಂಚದಲ್ಲೇ ಇಲ್ಲ!" ಎಂದು ಅಂಕಲ್ ಗುಡುಗಿದರು. "ಇಳಿಯಯ್ಯ ನೀನು. ನಮ್ಮಪ್ಪನ ಅಂಬಾಸಿಡರ್‌ನ ದಿನಾ ತಳ್ಳೇ ಕಾಲೇಜಿಗೆ ಹೋದೋನು ನಾನು. ಎಲ್ರೂ ಪಂಚೆ ಎತ್ತಿ ಕಟ್ರೋ!"

ಆರು ಜನಕ್ಕೂ ಆವೇಶ ಬಂತು. ತಳ್ಳಿ ಸ್ಟಾರ್ಟ್ ಮಾಡುವುದು ನಮ್ಮ ತಲೆಮಾರಿನ ರಕ್ತದಲ್ಲೇ ಇದೆ. ಅಂಕಲ್ ಒಳಗೆ ಕೂತರು, "ಸೆಕೆಂಡ್ ಗೇರ್‌ನಲ್ಲಿ ಹಾಕಿದೀನಿ, ತಳ್ಳಿ!" ಎಂದರು. "ಐಸಾ!" ಎಂದು ಕಾರು ಹೊರಟಿತು. ನಮ್ಮ ಬೀದಿ ಒಂದು ಸುತ್ತು ಹಾಕಿ ಮತ್ತೆ ನಮ್ಮ ಮನೆಗೇ ಬರುತ್ತದೆ. ಮೊದಲರ್ಧ ಸಣ್ಣ ಏರು, ಉಳಿದರ್ಧ ಇಳಿಜಾರು. ಅವರೆಲ್ಲ ತಿರುವಿನಲ್ಲಿ ಮರೆಯಾದರು.

ಆಗ ಮಗಳು ಕೇಳಿದಳು. "ಅಪ್ಪ, ಅದು ಆಟೊಮ್ಯಾಟಿಕ್ ಅಲ್ವಾ? ಆಟೊಮ್ಯಾಟಿಕ್ ಕಾರ್ ತಳ್ಳಿದ್ರೆ ಸ್ಟಾರ್ಟ್ ಆಗಲ್ಲ."

ಕ್ಲಚ್ಚೇ ಇಲ್ಲದ ಕಾರು! ಆ ಗೇರ್‌ಬಾಕ್ಸಿಗೆ ಆಯಿಲ್ ಹಾಕಿದವನು ನಾನೇ, ಗಾಬರಿಯಲ್ಲಿ ನನಗೇ ಮರೆತಿತ್ತು. ಲೋಕ ಸುತ್ತುವ ತನಕ ತಳ್ಳಿಕೊಂಡು ಹೋದರೂ ಅದು ಸ್ಟಾರ್ಟ್ ಆಗುವುದಿಲ್ಲ. ಅಂಕಲ್‌ಗೆ ಫೋನ್ ಮಾಡಿದೆ, ಅದು ಪೂಜೆಯ ತಟ್ಟೆಯ ಪಕ್ಕದಲ್ಲೇ ಹೊಡೆದುಕೊಂಡಿತು. ಅಷ್ಟರಲ್ಲಿ ಎಚ್‌ಒಎ ಮೇಡಂ ಬಂದಿಳಿದರು. ಖಾಲಿ ಡ್ರೈವ್‌ವೇ ನೋಡಿ, "ಕಾರೆಲ್ಲಿ?" ಎಂದರು.

"ರೌಂಡ್ ಹೋಗಿದೆ," ಎಂದೆ. ಸುಳ್ಳಲ್ಲ.

ಅದೇ ಕ್ಷಣಕ್ಕೆ ಮೇಲಿನ ತಿರುವಿನಲ್ಲಿ ಕಾರು ಕಾಣಿಸಿತು. ಇಳಿಜಾರು ಸಿಕ್ಕಿ ತಳ್ಳುವವರ ಕೈ ತಪ್ಪಿಸಿಕೊಂಡಿತ್ತು. ಚೆಂಡುಹೂವಿನ ಹಾರ ಹಾಕಿಕೊಂಡು, ಒಂದಿಷ್ಟೂ ಸದ್ದಿಲ್ಲದೆ ತೇಲಿಕೊಂಡು ಬಂತು. ಒಳಗೆ ರೇಷ್ಮೆ ಶಲ್ಯದ ಅಂಕಲ್, ಸ್ಟೀರಿಂಗ್ ಬಿಗಿಯಾಗಿ ಹಿಡಿದು, ಮುಖದಲ್ಲಿ ರಕ್ತವಿಲ್ಲದೆ. ಬ್ರೇಕು ಜೋಡಿಸಿದವನು ನಾನಾದ್ದರಿಂದ ನಾನು ಕಣ್ಣು ಮುಚ್ಚಿದೆ. ತೆರೆದಾಗ ಕಾರು ಡ್ರೈವ್‌ವೇನಲ್ಲಿ ಇದ್ದ ಜಾಗಕ್ಕೇ ಬಂದು ನಿಂತಿತ್ತು.

ಮೇಡಂ ಬಾಯಿ ತೆರೆದು ನೋಡುತ್ತಿದ್ದರು. "ಇಷ್ಟೂ ಸದ್ದೇ ಇಲ್ಲವಲ್ಲ! ಎಲೆಕ್ಟ್ರಿಕ್ ಮಾಡಿಬಿಟ್ಟಿರಾ?"

ಅಷ್ಟರಲ್ಲಿ ತಿರುವಿನಿಂದ ಆರು ಜನ, ಪಂಚೆ ಎತ್ತಿ ಕಟ್ಟಿ, ಬರಿಗಾಲಲ್ಲಿ ಏದುಸಿರು ಬಿಡುತ್ತಾ, "ಹತ್ಕೊಳ್ತಾ? ಹತ್ಕೊಳ್ತಾ?" ಎಂದು ಕೂಗುತ್ತಾ ಓಡಿ ಬಂದರು.

ಮೇಡಂ ಒಂದು ಹೆಜ್ಜೆ ಹಿಂದೆ ಸರಿದರು. "ಇವರು ಯಾರು? ಏನು ಕೂಗುತ್ತಿದ್ದಾರೆ?"

ನಾನು ಮುಗಿಯಿತೆಂದುಕೊಂಡೆ. ಹೆಂಡತಿ ಮಾತ್ರ ಆರತಿ ತಟ್ಟೆ ಹಿಡಿದೇ ಶಾಂತವಾಗಿ ಇಂಗ್ಲಿಷಿನಲ್ಲಿ ಹೇಳಿದಳು: "ಹೊಸ ಕಾರಿನ ಹಿಂದೆ ಓಡುವುದು ನಮ್ಮ ಸಂಪ್ರದಾಯ. ಅದು ಮಂತ್ರ."

ಮೇಡಂ ಎದೆಯ ಮೇಲೆ ಕೈಯಿಟ್ಟುಕೊಂಡು, ಕಣ್ಣಂಚಿನಲ್ಲಿ ನೀರು ತಂದುಕೊಂಡು, ತಪಾಸಣೆ ಪಾಸು ಮಾಡಿ ಹೋದರು. ಸೋಮವಾರ ಪತ್ರ ಬಂತು. ಬಡಾವಣೆಯ ವಾರ್ಷಿಕ ಪೆರೇಡಿನಲ್ಲಿ ನಮ್ಮ ನಿಶ್ಶಬ್ದ ಕಾರೇ ಮುಂದಿರಬೇಕಂತೆ. ಒಟ್ಟು ಎರಡು ಮೈಲಿ, ಹಿಂದೆ ಸಂಪ್ರದಾಯದಂತೆ ಆ ಆರು ಜನ ಮಂತ್ರ ಹೇಳುತ್ತಾ ಓಡಬೇಕಂತೆ.

ಅದನ್ನು ಫೋಟೊ ತೆಗೆದು ಆರು ಜನಕ್ಕೂ ಕಳಿಸಿದ್ದೇನೆ. ಅವತ್ತಿನಿಂದ ಒಬ್ಬನೂ ನನ್ನ ಫೋನು ಎತ್ತುತ್ತಿಲ್ಲ.