ಗೀಜರಿಗೆ ಶೀತವಾದದ್ದು

ಯಂತ್ರಗಳ ನಾಡಿ ಹಿಡಿದು ನೋಡುವವರು ಇಡೀ ಗುಂಡ್ಲುಪೇಟೆಯಲ್ಲಿ ಯಾರಾದರೂ ಇದ್ದರೆ ಅದು ನಮ್ಮ ಸೋದರಮಾವ ಒಬ್ಬರೇ! ಅವರ ಪ್ರಕಾರ ಯಂತ್ರಗಳು ಕೆಡುವುದಿಲ್ಲ, ಅವಕ್ಕೆ ಕಾಯಿಲೆ ಬರುತ್ತದೆ. ಪಂಪ್‌ಸೆಟ್ಟಿಗೆ ಉಷ್ಣ, ಮಿಕ್ಸಿಗೆ ವಾಯು, ಟಿವಿಗೆ ದೃಷ್ಟಿ. ಒಮ್ಮೆ ಹಂಗಳದ ಹತ್ತಿರ ಬೈಕು ನಿಂತಾಗ ಟ್ಯಾಂಕಿನ ಮೇಲೆ ಅಂಗೈ ಇಟ್ಟು ಜ್ವರ ನೋಡಿದರು. ಹಿಂದೆ ಕೂತಿದ್ದ ನಾನೂ ಗಂಭೀರವಾಗಿ ತಲೆಯಾಡಿಸಿದೆ. ಪೆಟ್ರೋಲ್ ಮುಗಿದಿರಬಹುದು ಎಂಬುದು ಇಬ್ಬರಿಗೂ ಹೊಳೆಯಲಿಲ್ಲ.

ಇಂಥವರ ಮನೆಗೆ ಮಗಳು ಬಾಣಂತನಕ್ಕೆ ಬಂದಳು. ನಮ್ಮತ್ತೆ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಹೆಂಗಸರಿಲ್ಲದ ಮನೆಯಲ್ಲಿ ಎಂಥ ಬಾಣಂತನ ಎಂದು ಹರದನಹಳ್ಳಿಯ ಬೀಗರು ರಾಗ ತೆಗೆದರು. ಮಾವ ಬಿಡಲಿಲ್ಲ. ಮೆಣಸಿನ ಸಾರು ಕುದಿಸಲು ಮೀಸೆ ಅಡ್ಡ ಬರುತ್ತದೆಯೇ? ಕೊನೆಗೆ ಬೀಗರು ಒಪ್ಪಿದರು, ಆದರೆ ಹುಡುಗಿಗೆ ಒಂದು ಸೀನು ಬಂದರೂ ವಾಪಸು ಕರೆದುಕೊಂಡು ಹೋಗುತ್ತೇವೆ ಎಂದು ಹೇಳಿಯೇ ಹೋದರು.

ಸೀನಿಗೂ ಮಾವನ ಮರ್ಯಾದೆಗೂ ನಡುವೆ ಇದ್ದದ್ದು ಒಂದು ಹಳೇ ಗ್ಯಾಸ್ ಗೀಜರು. ಕೇರಳದ ರಸ್ತೆಯಲ್ಲಿ ಯಾವುದೋ ಲಾಡ್ಜು ಮುಚ್ಚಿದಾಗ ತಂದದ್ದು. ಅದು ಸರಿಯಾಗಿ ಮಗಳು ತಲೆಗೆ ಸೀಗೆಪುಡಿ ತಿಕ್ಕಿಕೊಂಡ ಗಳಿಗೆ ನೋಡಿಕೊಂಡೇ ಆರಿಹೋಗುತ್ತಿತ್ತು! ಮಾವ ಬ್ಯಾಟರಿ ಬದಲಾಯಿಸಿದರು, ಪೈಪು ಊದಿದರು, ಸಿಲಿಂಡರನ್ನು ಅಲ್ಲಾಡಿಸಿದರು. ಯಾವುದಕ್ಕೂ ಅದು ಜಗ್ಗಲಿಲ್ಲ. ಆಗ ರೋಗ ಗೊತ್ತಾಯಿತು ಎಂದು ನನಗೆ ಫೋನ್ ಮಾಡಿದರು.

"ದೀಪ ಯಾಕ್ಲಾ ಆರೋದು? ಗಾಳಿಗೆ ತಾನೆ? ಇದ್ರೊಳ್ಗೂ ದೀಪವೇ ಉರಿಯೋದು ಕಣ್ಲಾ. ಗೀಜರ್‌ಗೆ ಸೀತ ಆಗ್ಬುಟ್ಟದೆ."

ಚಾಮರಾಜನಗರದಲ್ಲಿ ಕೂತ ನಾನು ಅದೇ ಇರಬೇಕು ಎಂದುಬಿಟ್ಟೆ. ಹೇಗೂ ಬಾಣಂತಿಗೆ ಗಾಳಿ ಸೋಕಬಾರದು. ಒಂದೇ ಮದ್ದು, ಇಬ್ಬರಿಗೂ ಆಯಿತು! ಬಚ್ಚಲಿನ ಮುಚ್ಚಿದ ಕಿಟಕಿಯ ಸಂದಿಗೂ ಗೋಣಿಚೀಲ ತುರುಕಿದರು. ಗೀಜರು ಇನ್ನೂ ಬೇಗ ಆರಿತು. ಶೀತ ಜಾಸ್ತಿಯಾಗಿದೆ ಎಂದು ಬಾಗಿಲ ಸಂದಿಗೆ ಹಳೇ ಸೀರೆ ಒತ್ತಿದರು. ಅದಕ್ಕಿಂತ ಬೇಗ ಆರಿತು. ಮೇಲಿನ ಗವಾಕ್ಷಿಗೆ ಜೇಡಿಮಣ್ಣು ಮೆತ್ತಿದರು. ಕೊನೆಗೆ, ಇದು ಬೀಗರ ಕಣ್ಣೇ ಸೈ ಎಂದು ತೀರ್ಮಾನಿಸಿ ಗೀಜರಿನ ಕೊರಳಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದರು.

ಏನಾಶ್ಚರ್ಯ! ಮಾರನೆಯ ದಿನದಿಂದ ಗೀಜರು ಆರಲಿಲ್ಲ.

ಭಾನುವಾರ ನಾನು ಹೋದಾಗ ಮಾವ ತೆರಕಣಾಂಬಿಯ ಯಾರದೋ ಗ್ರೈಂಡರಿಗೂ ಮೆಣಸಿನಕಾಯಿ ಪೋಣಿಸುತ್ತಿದ್ದರು. ಮಗಳು ನನಗೆ ಕಾಫಿ ಕೊಟ್ಟು ಅಪ್ಪನ ಕಡೆ ತಿರುಗಿದಳು.

"ಮೆಣ್ಸಿನ್‌ಕಾಯಿಗೆ ಅಲ್ಲ ಕಣಪ್ಪ. ಒಳ್ಗೆ ಉಸ್ರು ಕಟ್ದಂಗಾಗೋದು. ಅದ್ಕೆ ನಾನೇ ಗೋಣಿಚೀಲ ಕಿತ್ತಾಕ್ಬುಟ್ಟು ಕಿಟ್ಕಿ ತಗ್ದು ನೀರುಯ್ಕಂಡು, ಬರುವಾಗ ಮುಚ್ಚಿ ತಿರ್ಗ ತುರುಕ್ತಿದ್ದೆ. ನೀನು ಬೈತೀಯ ಅಂತ ಯೋಳ್ನಿಲ್ಲ."

ನಾನು ಬಿದ್ದು ಬಿದ್ದು ನಕ್ಕೆ. ಮಾವನನ್ನು ಇನ್ನಷ್ಟು ಗೋಳು ಹುಯ್ದುಕೊಳ್ಳೋಣವೆಂದು ಗೀಜರು ಮಾರುವ ಪರಿಚಯದವನಿಗೆ ಅಲ್ಲೇ ಫೋನ್ ಮಾಡಿ, ಸ್ಪೀಕರ್ ಹಾಕಿದೆ. ಅವನು ನಗಲಿಲ್ಲ. ಉರಿಗೂ ಗಾಳಿ ಬೇಕು, ಮುಚ್ಚಿದ ಬಚ್ಚಲಲ್ಲಿ ಗಾಳಿ ಕಮ್ಮಿಯಾದರೆ ತಾನಾಗಿಯೇ ಆರುವ ಹಾಗೆ ಅದರೊಳಗೆ ಒಂದು ಭಾಗ ಇಟ್ಟಿರುತ್ತಾರೆ ಎಂದ. ಆ ಭಾಗ ಕೆಟ್ಟು ಗೀಜರು ಆರದೆ ಉರಿದಿದ್ದರೆ, ಒಳಗಿದ್ದವರು ಅದರ ವಿಷಗಾಳಿಗೆ ಕೂಗಲೂ ಆಗದೆ ಪ್ರಜ್ಞೆ ತಪ್ಪುತ್ತಿದ್ದರು ಎಂದ.

ನನ್ನ ನಗು ಅಲ್ಲಿಗೇ ನಿಂತಿತು. ಮಾವ ಎದ್ದು ಹೋಗಿ ಗೋಣಿಚೀಲ ತೆಗೆದರು, ಸೀರೆ ತೆಗೆದರು, ಜೇಡಿಮಣ್ಣು ಕೆರೆದರು, ಆಮೇಲೆ ಕಿಟಕಿಯ ಬಾಗಿಲನ್ನೇ ಕಿತ್ತು ಹೊರಗೆ ಹಾಕಿದರು. ಅಷ್ಟು ದಿನ ಆ ಗೀಜರನ್ನು ಬೈದಿದ್ದರಲ್ಲ, ಈಗ ಅದರ ಮೇಲೆ ಕೈ ಇಟ್ಟು ಸ್ವಲ್ಪ ಹೊತ್ತು ನಿಂತರು. ಆಮೇಲೆ ತಾವೇ ಬೀಗರಿಗೆ ಫೋನ್ ಮಾಡಿ, ಒಂದನ್ನೂ ಮುಚ್ಚಿಡದೆ ಎಲ್ಲವನ್ನೂ ಹೇಳಿದರು.

"ನನ್ ಕೈಲಿ ಆಗ್ನಿಲ್ಲ. ಕರ್ಕಂಡೋಗಿ," ಎಂದರು.

ಮಗಳು ಫೋನ್ ಕಿತ್ತುಕೊಂಡು, ತಿಂಗಳು ತುಂಬದೆ ಎಲ್ಲಿಗೂ ಬರುವುದಿಲ್ಲ ಎಂದು ತನ್ನ ಅತ್ತೆಗೆ ಹೇಳಿ ಇಟ್ಟುಬಿಟ್ಟಳು.

ಈಗ ಗೀಜರು ಹೊರಗೋಡೆಯ ಮೇಲಿದೆ. ಬಚ್ಚಲಿಗೆ ಬರುವುದು ನೀರಿನ ಪೈಪು ಮಾತ್ರ. ಇನ್ನು ಹೆದರಿಕೆಯಿಲ್ಲ ಎಂದು ಎಲ್ಲರೂ ಹೇಳಿಯಾಗಿದೆ. ಆದರೂ ಮಗಳು ಸ್ನಾನಕ್ಕೆ ಹೋದರೆ ಮಾವ ಮೊಮ್ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಬಚ್ಚಲ ಬಾಗಿಲಿಗೆ ಬೆನ್ನು ಕೊಟ್ಟು ಕೂರುತ್ತಾರೆ.

"ಮಾತಾಡ್ತಿರವ್ವ."

"ಏನ್ ಮಾತಾಡ್ಲಪ್ಪ?"

"ಏನಾರ. ನಿಮ್ಮವ್ವ ಬೈತಿದ್ಲಲ್ಲ ನನ್ನ, ಅಂಗೇ ಬೈಯಿ. ಸುಮ್ನಾಗ್ಬೇಡ."

ನೀರು ನಿಲ್ಲುವ ತನಕ ಅವಳು ಬೈಯುತ್ತಾಳೆ. ಮಾವ ಒಂದೊಂದಕ್ಕೂ "ಊಂ ಕಣವ್ವ" ಎನ್ನುತ್ತಾರೆ.