ಒಣಗಾಳಿಯ ಕಾವಲು

ನೆಲಮಾಳಿಗೆಯ ಕಂಪ್ರೆಸರ್ ಬೆಳಗಿನಿಂದ ಒಂದೇ ಸಮನೆ ಏದುಸಿರು ಬಿಡುತ್ತಿತ್ತು. ಗಾಳಿ ಕುಡಿಯುವುದು ಮೂರನೇ ಮಹಡಿಯ ಯಂತ್ರವೊಂದೇ ಆಗಿದ್ದರೆ ಅದಕ್ಕೆ ಇಷ್ಟು ಸುಸ್ತಾಗಬೇಕಾಗಿರಲಿಲ್ಲ. ಗಾಳಿಯಪ್ಪನಿಗೆ ಅನುಮಾನ ಬಂತು.

ಗಾಳಿಯಪ್ಪ ಎಂಬುದು ಪ್ರಯೋಗಾಲಯದವರು ಇಟ್ಟ ಹೆಸರು. ಗಾಳಿಯನ್ನು ಸೋಸಿ, ತೇವವನ್ನೆಲ್ಲ ಹಿಂಡಿ, ಉದ್ದನೆಯ ಪ್ಲಾಸ್ಟಿಕ್ ಕೊಳವೆಯಲ್ಲಿ ಮೇಲೆ ಕಳಿಸುವುದು ಅವನ ಕೆಲಸ. ಮೇಲಿನ ಯಂತ್ರ ಔಷಧಿಯೊಳಗೆ ಏನೇನು ಬೆರೆತಿದೆ ಎಂದು ಬೆಳಕು ಹಾಯಿಸಿ ಹೇಳುವಂಥದು. ಗಾಳಿಯಲ್ಲಿ ಸ್ವಲ್ಪ ತೇವ ಕಂಡರೂ ಮಾವನ ಮನೆಗೆ ಬಂದ ಹಿರಿಯಳಿಯನ ಹಾಗೆ ಮುನಿಸಿಕೊಂಡು, ಇಲ್ಲದ್ದನ್ನೆಲ್ಲ ಇದೆ ಎನ್ನುತ್ತಿತ್ತು. ಅವತ್ತು ಮಧ್ಯಾಹ್ನ ಅದನ್ನು ಪರೀಕ್ಷಿಸಲು ತಪಾಸಣಾಧಿಕಾರಿ ಬರುವವರಿದ್ದರು.

“ಯಂತ್ರ ತಕರಾರು ಮಾಡಿದ್ರೆ ನೀವು ನಾಳೆಯಿಂದ ಉಗ್ರಾಣಕ್ಕೆ,” ಎಂದು ಸಾಹೇಬರು ಹೇಳಿಬಿಟ್ಟಿದ್ದರು. ಉಗ್ರಾಣದ ಮುಖ್ಯಸ್ಥ ಗಾಳಿಯಪ್ಪನ ಹೆಂಡತಿಯ ಅಣ್ಣ. ಆತನ ಉಪದೇಶ ಮನೆಯಲ್ಲೇ ಹೊಟ್ಟೆ ತುಂಬ ಸಿಗುತ್ತಿತ್ತು.

ಗಾಳಿಯಪ್ಪ ಕೊಳವೆಯ ಜಾಡು ಹಿಡಿದು ಹೊರಟ. ಅದು ಹಾದುಹೋಗುವ ಮೂರು ಕೋಣೆಗಳಲ್ಲೂ ಧೂಳು ಊದಲೆಂದು ಒಂದೊಂದು ನಲ್ಲಿಯಿತ್ತು. ಹಿಡಿ ಒತ್ತಿದರೆ ಗಾಳಿ, ಕೈ ಬಿಟ್ಟರೆ ಬಂದ್. ಹೊರಗೆ ಮಳೆ. ಟೈಪಿಸ್ಟಮ್ಮ ನಲ್ಲಿಯ ಮುಂದೆ ತಲೆ ಬಗ್ಗಿಸಿ ಕೂದಲು ಒಣಗಿಸಿಕೊಳ್ಳುತ್ತಿದ್ದಳು. ಮುಂದಿನ ಕೋಣೆಯಲ್ಲಿ ಗುಮಾಸ್ತ ಕೊಡೆ ಬಿಚ್ಚಿ ಹಿಡಿದಿದ್ದ. ಅದರಾಚೆ ಲೈಬ್ರರಿಯ ಮೇಷ್ಟ್ರು ಬೂಟಿನೊಳಗೆ ನಲ್ಲಿಯನ್ನೇ ತೂರಿಸಿದ್ದರು.

“ಗಾಳಿಗೂ ಕಾವಲೇನ್ರೀ?” ಎಂದ ಗುಮಾಸ್ತ. “ಕಿಟಕಿ ತೆಗೆದ್ರೆ ಬೇಕಾದಷ್ಟಿದೆ.”

“ಹಾಗಾದ್ರೆ ಕಿಟಕಿ ಹತ್ರಾನೇ ಹೋಗಿ. ಕಳ್ಳರು ನೀವೆಲ್ಲ,” ಎಂದು ಗಾಳಿಯಪ್ಪ ಮೂರೂ ಹಿಡಿಗಳನ್ನು ಕಳಚಿ ಜೇಬಿಗಿಳಿಸಿದ.

ಕಂಪ್ರೆಸರ್ ತಣ್ಣಗಾಯಿತು. ಊಟ ಮುಗಿಸಿ, ಯುದ್ಧ ಗೆದ್ದವನ ಠೀವಿಯಲ್ಲಿ ಮೂರನೇ ಮಹಡಿಗೆ ಹೋಗಿ ನೋಡಿದರೆ, ಯಂತ್ರದ ಪರದೆಯಲ್ಲಿ ನೇರವಾಗಿರಬೇಕಾದ ಗೆರೆಯ ತುಂಬ ತೇವದ ಗುಡ್ಡಗಳು.

ಗಾಳಿ ಸೋಸುವ ಫಿಲ್ಟರ್ ಬದಲಿಸಿದ, ಕೀಲುಗಳನ್ನು ಬಿಗಿ ಮಾಡಿದ. ಗುಡ್ಡ ಕರಗಲಿಲ್ಲ. ಕೊನೆಗೆ ಕೊಳವೆಯ ಮೇಲೆ ಕೈಯಿಟ್ಟು ನಿಂತಾಗ ವಿಷಯ ಹೊಳೆಯಿತು. ಯಂತ್ರ ಕುಡಿಯುವುದು ಒಂದೊಂದೇ ಗುಟುಕು. ಉಳಿದ ಗಾಳಿ ಕೊಳವೆಯಲ್ಲೇ ನಿಂತು, ಪ್ಲಾಸ್ಟಿಕ್ಕಿನ ಮೂಲಕ ಮಳೆಗಾಲದ ತೇವವನ್ನು ಮೆಲ್ಲಗೆ ಎಳೆದುಕೊಳ್ಳುತ್ತಿತ್ತು. ಇಷ್ಟು ದಿನ ಗಾಳಿಯನ್ನು ಓಡಿಸುತ್ತ ಯಂತ್ರದ ಮಾನ ಕಾಪಾಡಿದವರು ಆ ಕಳ್ಳರೇ.

ಇರುವುದು ಎರಡು ಕೈ, ಒತ್ತಬೇಕಾದ್ದು ಮೂರು ಕೋಣೆಗಳ ನಲ್ಲಿ. ಹಿಡಿಗಳನ್ನು ಮತ್ತೆ ಜೋಡಿಸಿ, ಮೂವರನ್ನೂ ಒಟ್ಟಿಗೆ ನಿಲ್ಲಿಸಿಕೊಂಡು ಗೋಗರೆದ.

“ಕಳ್ಳರ ಹತ್ರ ಏನ್ ಕೆಲಸ?” ಎಂದಳು ಟೈಪಿಸ್ಟಮ್ಮ.

“ತಪ್ಪಾಯ್ತಮ್ಮ. ಸುಮ್ನೆ ಒತ್ತಿ ಹಿಡ್ಕೊಂಡ್ರೆ ಸಾಕು.”

“ಸುಮ್ನೆ ಒತ್ತೋಕೆ ನಮಗೇನು ಹುಚ್ಚಾ?” ಎಂದ ಗುಮಾಸ್ತ. “ನಮ್ಮದೆಲ್ಲ ಫ್ಯಾನ್ ಕೆಳಗೆ ಒಣಗಿಹೋಯ್ತು. ಒಣಗಿಸೋದು ಏನಾದ್ರೂ ಇದ್ರೆ ತನ್ನಿ, ಒಣಗಿಸ್ತೀವಿ.”

ವಾದಕ್ಕೆ ಸಮಯವಿರಲಿಲ್ಲ. ಗಾಳಿಯಪ್ಪ ಬಚ್ಚಲಿಗೆ ಓಡಿ ತನ್ನ ಅಂಗಿ, ಬನಿಯನ್, ಕಾಲುಚೀಲ ಬಿಚ್ಚಿ ನೀರಲ್ಲಿ ಅದ್ದಿ ತಂದು ಹಂಚಿದ. ಬರಿಮೈ ಮೇಲೆ ಪ್ರಯೋಗಾಲಯದ ಬಿಳಿ ಕೋಟು ತೊಟ್ಟು ಕುತ್ತಿಗೆಯವರೆಗೆ ಗುಂಡಿ ಹಾಕಿಕೊಂಡ. ಕಂಪ್ರೆಸರ್ ಗುರುಗುಟ್ಟಿತು, ಗುಡ್ಡಗಳು ಒಂದೊಂದಾಗಿ ಇಳಿದವು. ತಪಾಸಣಾಧಿಕಾರಿ ಬರುವ ಹೊತ್ತಿಗೆ ಪರದೆಯ ಗೆರೆ ಎಳೆದ ದಾರದಷ್ಟು ನೇರ.

“ಇಷ್ಟು ಒಣಗಿದ ಗಾಳಿ ನಾನೆಲ್ಲೂ ನೋಡಿಲ್ಲ,” ಎಂದರು ಅಧಿಕಾರಿ. ಸಾಹೇಬರು ಹಿಗ್ಗಿದರು. ಗಾಳಿಯಪ್ಪನಿಗೆ ಹೋದ ಜೀವ ಬಂದಂತಾಯಿತು.

ಸಾಹೇಬರು, ಗಾಳಿಯಪ್ಪನ ಜೊತೆ ಇಳಿದು ಹೋಗುವಾಗ ಅಧಿಕಾರಿಯ ಕಿವಿಗೆ ಬುಸುಗುಟ್ಟುವ ಸದ್ದು ಬಿತ್ತು. ಲೈಬ್ರರಿಯಲ್ಲಿ ಇಣುಕಿದರೆ ಬನಿಯನ್, ಗುಮಾಸ್ತನ ಕೈಯಲ್ಲಿ ಕಾಲುಚೀಲ, ಟೈಪಿಸ್ಟಮ್ಮನ ಮುಂದೆ ಗಾಳಿ ತುಂಬಿ ಕುಣಿಯುತ್ತಿರುವ ಅಂಗಿ.

“ಯಾರದಮ್ಮ ಈ ಬಟ್ಟೆ?” ಎಂದರು ಸಾಹೇಬರು.

“ಗಾಳಿಯಪ್ಪನವರದು ಸಾರ್. ಒಣಗಿಸಿಕೊಡಿ ಅಂತ ಕೈ ಮುಗಿದು ಬೇಡ್ಕೊಂಡ್ರು.”

ಅದರಲ್ಲಿ ಸುಳ್ಳೇನೂ ಇರಲಿಲ್ಲ.

“ಕಂಪ್ರೆಸರ್ ದಿನಾ ಯಾಕೆ ಹಾಗೆ ಒದ್ದಾಡ್ತಿತ್ತು ಅಂತ ಈಗ ಗೊತ್ತಾಯ್ತು,” ಎಂದರು ಸಾಹೇಬರು.

ಗಾಳಿಯಪ್ಪ ಬಾಯಿ ತೆರೆದ. ಅಧಿಕಾರಿ ಇನ್ನೂ ಅಲ್ಲೇ ನಿಂತಿದ್ದರು. ನಿಜ ಹೇಳಿದರೆ ಯಂತ್ರ ನಪಾಸು, ತಾನು ಉಗ್ರಾಣಕ್ಕೆ. ಹೇಳದಿದ್ದರೆ ಯಂತ್ರ ಪಾಸು, ತಾನು ಕಳ್ಳ, ಉಗ್ರಾಣಕ್ಕೆ. ಕೋಟಿನ ಕುತ್ತಿಗೆಯ ಗುಂಡಿಯನ್ನು ಇನ್ನೊಮ್ಮೆ ಸರಿಮಾಡಿಕೊಂಡ.

“ನಾಳೆಯಿಂದ ಗಾಳಿ ನೀವು ನೋಡ್ಕೊಳ್ಳಿ,” ಎಂದು ಸಾಹೇಬರು ನೆಲಮಾಳಿಗೆಯ ಬೀಗದ ಕೈಯನ್ನು ಗುಮಾಸ್ತನಿಗೆ ಕೊಟ್ಟರು.

ಎಲ್ಲರೂ ಹೋದ ಮೇಲೆ ಟೈಪಿಸ್ಟಮ್ಮ ಅಂಗಿಯನ್ನು ನೀಟಾಗಿ ಮಡಿಸಿ ಅವನ ಕೈಗಿಟ್ಟಳು.

“ಕಾಲರ್ ಸ್ವಲ್ಪ ಒದ್ದೆ ಇದೆ ಕಣ್ರೀ. ಒಂಚೂರು ಗಾಳಿಗೆ ಹೊಸ ಗಾಳಿಯಪ್ಪನವರನ್ನ ಕೇಳಿ ನೋಡ್ಲಾ?”